ಒಕಾಜಾಕಿಯ ಅಜ್ಜಿ ಬಡಿಸಿದ ಊಡೊನ್

ಜಪಾನಿನ ಒಕಾಜಾಕಿಯ ಅಜ್ಜಿಯೊಬ್ಬರ ವಿಷಯ ಹೇಳುತ್ತೇನೆ, ಕೇಳಿ.

ಬಿಡದಿಯ ಕಾರು ಕಾರ್ಖಾನೆಯಿಂದ ನಮ್ಮನ್ನು ತರಬೇತಿಗೆಂದು ಜಪಾನಿನ ಟೊಯೋಟಾ ನಗರಕ್ಕೆ ಕಳಿಸಿದ್ದರು. ಜನವರಿ ತಿಂಗಳು, ಬೆರಳು ಮರಗಟ್ಟುವ ಚಳಿ. ಜೊತೆಯವರಿಗೆ ಊಟದ ಚಿಂತೆ ಇರಲಿಲ್ಲ. ನಾನು ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವನು. ಜಪಾನಿನಲ್ಲಿ ಮಾಂಸ ಬಿಟ್ಟು ಉಣ್ಣಬಹುದು, ಮೀನು ಬಿಟ್ಟು ಉಣ್ಣುವುದು ಬಹಳ ಕಷ್ಟ. ಅವರ ಅಡುಗೆಗೆಲ್ಲ ದಾಶಿ ಎಂಬ ತಿಳಿಸಾರೇ ಆಧಾರ. ಒಣಗಿಸಿ ತೆಳ್ಳಗೆ ಹೆರೆದ ಮೀನನ್ನು ಬಿಸಿನೀರಿಗೆ ಹಾಕಿ ಸೋಸಿದರೆ ದಾಶಿ ಆಯಿತು. ಬರೀ ಸೊಪ್ಪು ಬೇಯಿಸಿದರೂ ಅದರಲ್ಲೇ, ಮೂಲಂಗಿ ಬೇಯಿಸಿದರೂ ಅದರಲ್ಲೇ. ನೋಡಿದರೆ ಗೊತ್ತಾಗುವುದಿಲ್ಲ. ಒಂದು ದೊಡ್ಡ ಹೋಟೆಲಿನಲ್ಲಿ ಬಟ್ಟಲ ಮೇಲಿನ ಮಾಂಸದ ಚೂರುಗಳನ್ನು ಎತ್ತಿ ಹಾಕಿ, ಅದೇ ಬಟ್ಟಲನ್ನು ಸಸ್ಯಾಹಾರವೆಂದು ನನ್ನ ಮುಂದೆ ತಂದಿಟ್ಟಿದ್ದರು. ಆಮೇಲೆ ಕೋಣೆಯಲ್ಲೇ ಅನ್ನ ಬೇಯಿಸಿಕೊಂಡು, ಮೊಸರು, ಬಾಳೆಹಣ್ಣಿನಲ್ಲಿ ದಿನ ದೂಡುತ್ತಿದ್ದೆ.

ನಮಗೆ ಕೆಲಸ ಕಲಿಸುತ್ತಿದ್ದ ಹಿರಿಯರೊಬ್ಬರು ಇದನ್ನು ಗಮನಿಸಿದರು. ಅವರ ಮನೆ ಒಕಾಜಾಕಿಯಲ್ಲಿ, ಲೂಪ್ ಲೈನ್ ರೈಲಿನಲ್ಲಿ ಅಲ್ಲಿಗೆ ನೇರ ಹೋಗಬಹುದು. ಒಂದು ಶನಿವಾರ ನನ್ನನ್ನು ಕರೆದುಕೊಂಡು ಹೊರಟರು. ಮೊದಲು ತೋರಿಸಿದ್ದು ಸೋಯಾ ಕಾಳನ್ನು ಹುದುಗಿಸಿ ಹಾಚ್ಚೊ ಮಿಸೊ ಮಾಡುವ ಜಾಗ. ಶೋಗನ್ ತೊಕುಗಾವಾ ಇಯೆಯಾಸು ಹುಟ್ಟಿದ ಕೋಟೆಯಿಂದ ಒಂದು ಕಿಲೋಮೀಟರೂ ಆಗುವುದಿಲ್ಲ. ಅಲ್ಲಿನ ಎರಡು ಮನೆತನಗಳಲ್ಲಿ ಒಂದು 1645ರಿಂದ ಈ ಕಸುಬು ನಡೆಸುತ್ತಿದೆ. ಮಿಸೊಗೆ ಬೇಕಾದ ಮುಖ್ಯ ಸಾಮಗ್ರಿ ಸೋಯಾ ಕಾಳು, ಉಪ್ಪು, ನೀರು, ಅಷ್ಟೇ. ಆಳೆತ್ತರವನ್ನೂ ಮೀರಿದ ಮರದ ಬಾನಿಗಳು, ಒಂದೊಂದರಲ್ಲೂ ಸುಮಾರು 6 ಟನ್ ಮಿಸೊ, ಅದರ ಮೇಲೆ ಗೋಪುರದ ಹಾಗೆ ಕೈಯಿಂದಲೇ ಪೇರಿಸಿದ 3 ಟನ್ ಹೊಳೆಗಲ್ಲು. ಎರಡು ಬೇಸಿಗೆ, ಎರಡು ಚಳಿಗಾಲ ಕಳೆಯುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಆ ಕತ್ತಲ ಉಗ್ರಾಣದ ವಾಸನೆ ನನಗೆ ಇವತ್ತಿಗೂ ನೆನಪಿದೆ.

ಸಂಜೆ ಐದರ ಹೊತ್ತಿಗೆ ಓಣಿಯೊಂದರ ಒಳಗೆ, ನೊರೆನ್ ಎಂಬ ನೀಲಿ ಬಟ್ಟೆಯ ಪರದೆ ಇಳಿಬಿಟ್ಟ ಬಾಗಿಲ ಮುಂದೆ ನಿಂತೆವು. ಶೊಕುದೊ ಎನ್ನುತ್ತಾರೆ, ಗಂಡ ಹೆಂಡತಿ ಸೇರಿ ನಡೆಸುವ ಊಟದ ಮನೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಒಲೆಯ ಮುಂದೆ ಐದಾರು ಜನ ಕೂರುವ ಹಲಗೆ, ಪಕ್ಕದಲ್ಲಿ ಚಾಪೆ ಹಾಸಿದ ಜಗಲಿ. ಗೋಡೆಯ ತುಂಬ ತಿಂಡಿಗಳ ಹೆಸರು ಬರೆದ ಕಾಗದದ ಪಟ್ಟಿಗಳು, ಮೂಲೆಯ ಟಿ.ವಿ.ಯಲ್ಲಿ ಸುಮೊ ಕುಸ್ತಿ. ಅಜ್ಜಿ ಬಿಸಿ ಒದ್ದೆ ಬಟ್ಟೆ ಕೈಗಿತ್ತರು. ತಾತ ಒಲೆಯ ಹತ್ತಿರ ನಿಂತೇ ತಲೆ ಬಾಗಿಸಿದರು.

ನಮ್ಮ ಹಿರಿಯರು ನನ್ನ ವಿಷಯ ವಿವರಿಸಿದರು. ಅಜ್ಜಿ ಪೂರ್ತಿ ಕೇಳಿಸಿಕೊಂಡು ಒಳಗೆ ಹೋಗಿ ತಾತನ ಜೊತೆ ಮಾತಾಡಿದರು. ಒಲೆಯ ಮೇಲೆ ಕುದಿಯುತ್ತಿದ್ದ ದೊಡ್ಡ ಪಾತ್ರೆಯನ್ನು ಇಬ್ಬರೂ ಒಮ್ಮೆ ನೋಡಿದರು. ಅಜ್ಜಿ ಹೊರಗೆ ಬಂದು ಹೇಳಿದ್ದನ್ನು ಹಿರಿಯರು ನನಗೆ ತಿಳಿಸಿದರು: "ಇವತ್ತಿನ ಸಾರಿನಲ್ಲೆಲ್ಲ ಮೀನಿದೆ. ನಿಮಗೆ ಕೊಡುವುದಿಲ್ಲ. ಅನ್ನ, ತೋಫು, ಉಪ್ಪಿನಲ್ಲಿ ಹಾಕಿದ ತರಕಾರಿ ತಿನ್ನಿ. ಮುಂದಿನ ಶನಿವಾರ ಬನ್ನಿ, ನಿಮಗೆಂದೇ ಮಾಡಿಡುತ್ತೇವೆ."

ನೋಡಿ, ಅವರು ಸುಮ್ಮನೆ ಬಡಿಸಿದ್ದರೆ ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಸಂತೋಷವಾಗಿ ಉಂಡು, ದುಡ್ಡು ಕೊಟ್ಟು ಹೋಗುತ್ತಿದ್ದೆ. ಗಿರಾಕಿಗೆ ಕೊಡುವುದಿಲ್ಲ ಎಂದು ಹೇಳಿದ ಆ ಅಡುಗೆಮನೆಯ ಮೇಲೆ ನನಗೆ ಹುಟ್ಟಿದ ನಂಬಿಕೆ ಬೇರೆ ಯಾವ ಹೋಟೆಲಿನ ಮೇಲೂ ಇದುವರೆಗೆ ಹುಟ್ಟಿಲ್ಲ. ತೋಫುವಿನ ಮೇಲೆ ಉದುರಿಸುವ ಮೀನಿನ ಚಕ್ಕೆಯನ್ನು ಬಿಟ್ಟು, ಹಸಿಶುಂಠಿ ತುರಿದು ಕೊಟ್ಟರು. ಹೊಟ್ಟೆ ತುಂಬಿತು.

ಮುಂದಿನ ಶನಿವಾರ ಹೋದಾಗ ನನಗೆಂದೇ ಒಂದು ಪುಟ್ಟ ಪಾತ್ರೆ ಒಲೆ ಏರಿತ್ತು. ಕೊಂಬು ಎಂಬ ಕಡಲ ಪಾಚಿಯ ಒಣ ಹಾಳೆ ಮತ್ತು ಒಣ ಶಿಟಾಕೆ ಅಣಬೆಯನ್ನು ಹಿಂದಿನ ರಾತ್ರಿಯೇ ತಣ್ಣೀರಿನಲ್ಲಿ ನೆನೆಹಾಕಿ ತೆಗೆದ ಸಾರು. ಕೊಂಬುವಿನ ಈ ರುಚಿಗೆ ಗ್ಲುಟಮಿಕ್ ಆಮ್ಲ ಕಾರಣವೆಂದು ಟೋಕಿಯೊದ ವಿಜ್ಞಾನಿ ಕಿಕುನಾಯೆ ಇಕೆಡ 1908ರಲ್ಲಿ ಕಂಡುಹಿಡಿದರು. ಅಜ್ಜಿ ಈ ಸಾರನ್ನು ಕಲಿತದ್ದು ಅವರ ತಾಯಿಯಿಂದ. ಮನೆಯಲ್ಲಿ ಹಿರಿಯರ ಶ್ರಾದ್ಧದ ದಿನ ಮೀನು ತರುತ್ತಿರಲಿಲ್ಲವಂತೆ. ಬೌದ್ಧ ಮಠಗಳ ಶೋಜಿನ್ ಅಡುಗೆಯ ಕ್ರಮ ಅದು. ಝೆನ್ ಗುರು ದೋಗೆನ್ 1237ರಲ್ಲೇ ಮಠದ ಅಡುಗೆಯವರ ಕರ್ತವ್ಯವನ್ನು ಕುರಿತು ಬರೆದಿಟ್ಟಿದ್ದಾರೆ. ಎಷ್ಟೋ ವರ್ಷದಿಂದ ಮಾಡದೆ ಬಿಟ್ಟಿದ್ದ ಅಡುಗೆಯನ್ನು ಒಬ್ಬ ಪರದೇಶಿಗಾಗಿ ಅಜ್ಜಿ ಮತ್ತೆ ನೆನಪಿಸಿಕೊಂಡಿದ್ದರು.

ಮಣ್ಣಿನ ಗಡಿಗೆಯಲ್ಲಿ ಕೊತಕೊತ ಕುದಿಯುತ್ತಲೇ ಬಂತು ಮಿಸೊ ನಿಕೊಮಿ ಊಡೊನ್, ಮಿಸೊ ಸಾರಿನಲ್ಲಿ ಕುದಿಸಿದ ದಪ್ಪ ಗೋಧಿ ಎಳೆಗಳು. ಅವತ್ತು ನೋಡಿದ್ದ ಅದೇ ಕಪ್ಪು ಮಿಸೊ. ಕೋಳಿ, ಮೊಟ್ಟೆಯ ಜಾಗದಲ್ಲಿ ಕರಿದ ತೋಫು, ಅಣಬೆ, ಉದ್ದನೆಯ ಈರುಳ್ಳಿ. ಗಡಿಗೆಯ ಮುಚ್ಚಳಕ್ಕೆ ತೂತಿರುವುದಿಲ್ಲ. ಅದನ್ನೇ ಮಗುಚಿ ತಟ್ಟೆ ಮಾಡಿಕೊಂಡು, ಎಳೆಗಳನ್ನು ಅದರಲ್ಲಿ ಆರಿಸಿಕೊಂಡು ತಿನ್ನಬೇಕೆಂದು ಅಜ್ಜಿ ತೋರಿಸಿಕೊಟ್ಟರು. ಉಪ್ಪು ಹಾಕದೆ ನಾದಿದ ಹಿಟ್ಟಾದ್ದರಿಂದ ಎಷ್ಟು ಕುದಿಸಿದರೂ ಎಳೆ ಗಟ್ಟಿಯಾಗಿಯೇ ಇರುತ್ತದೆ, ಅಗಿದಷ್ಟೂ ಗೋಧಿಯ ರುಚಿ. ಸಾರಂತೂ ನಮ್ಮ ಒಬ್ಬಟ್ಟಿನ ಸಾರನ್ನು ಮರುದಿನ ಕುದಿಸಿದಾಗ ಬರುತ್ತದಲ್ಲ, ಹಾಗೆ ದಟ್ಟ. ಕೊನೆಯ ಹನಿಯವರೆಗೆ ಕುಡಿದೆ. ತಾತ ಸುಮೊ ನೋಡುವುದನ್ನು ಬಿಟ್ಟು ನನ್ನ ಗಡಿಗೆಯನ್ನೇ ನೋಡುತ್ತಿದ್ದರು. ಅದು ಖಾಲಿಯಾದದ್ದು ಕಂಡು ಒಂದು ಬಟ್ಟಲು ಅನ್ನ ತಂದಿಟ್ಟರು.

ದುಡ್ಡು ಗೋಡೆಯ ಪಟ್ಟಿಯಲ್ಲಿ ಇದ್ದಷ್ಟೇ. ಹೆಚ್ಚು ಕೊಡಲು ಹೋದಾಗ ಅಜ್ಜಿ ಎರಡೂ ಕೈ ಅಡ್ಡ ಹಿಡಿದರು. ಊರಿಗೆ ವಾಪಸು ಹೊರಡುವ ಮೊದಲು, ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯ ಡಬ್ಬಿಯನ್ನೇ ಕೊಟ್ಟು ಬಂದೆ. ಬಿಸಿ ಅನ್ನಕ್ಕೆ ಉದುರಿಸಿಕೊಂಡು ತಿಂದು, ಏನೇನು ಹಾಕಿದ್ದಾರೆ ಎಂದು ತಾತ ಒಂದೊಂದನ್ನೂ ಕೇಳಿ ಬರೆದುಕೊಂಡರು.

ಅವರ ಮಕ್ಕಳು ಟೋಕಿಯೊದಲ್ಲಿ ನೌಕರಿಯಲ್ಲಿದ್ದರು, ಅಂಗಡಿಗೆ ವಾರಸುದಾರರಿರಲಿಲ್ಲ. ಜಪಾನಿನ ಇಂಥ ಎಷ್ಟೋ ಊಟದ ಮನೆಗಳು ಇದೇ ಕಾರಣಕ್ಕೆ ಬಾಗಿಲು ಮುಚ್ಚುತ್ತಿವೆ. ಅದಕ್ಕೇ ಹೇಳುತ್ತೇನೆ, ನೀವು ಆ ಕಡೆ ಹೋದರೆ ಊರ ಒಳಗಿನ ಶೊಕುದೊ ಹುಡುಕಿ ಹೋಗಿ. ಮೀನು ತಿನ್ನದವರಾದರೆ ಸಾರು ಯಾವುದರದೆಂದು ಮುಚ್ಚುಮರೆಯಿಲ್ಲದೆ ಕೇಳಿ. ಮತ್ತೆ ಊಟದ ದಿನವೇ ಹೋಗಿ ಕೇಳಬೇಡಿ, ಹಿಂದಿನ ದಿನವೇ ಹೋಗಿ ಹೇಳಿ ಬನ್ನಿ. ಕೊಂಬು ನೆನೆಯಲು ಒಂದು ರಾತ್ರಿ ಬೇಕು.