ಹೊಗೆಗೂ ಒಂದು ದಾರಿ

ರಮಜಾನಿನಲ್ಲಿ ನಮ್ಮನ್ನು ಸಹರಿಗೆ ಎಬ್ಬಿಸುತ್ತಿದ್ದುದು ಒಲೆ ಊದುವ ಅಮ್ಮಿಯ ಕೆಮ್ಮು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಬಂದ ಮೇಲೆ ಮನೆಯೊಳಗಿನ ಹೊಗೆ ಕೊಳವೆ ಹತ್ತಿತು.

ಆದರೆ ಕೊಳವೆ ಇಟ್ಟರಷ್ಟೇ ಸಾಲದು. ಬಿಸಿ ಹೊಗೆ ಹಗುರ, ತಾನೇ ಮೇಲೇರುತ್ತದೆ. ಕೊಳವೆಯ ಬಾಯಿ ಸೂರಿನ ಬಳಿಯೇ ನಿಂತರೆ ಗಾಳಿ ಅದನ್ನು ಮರಳಿ ಒಳಕ್ಕೇ ತಳ್ಳುತ್ತದೆ. ಮಾಡಿನ ನೆತ್ತಿಯನ್ನು ದಾಟಿಸಲೇಬೇಕು. ಹಸಿ ಸೌದೆ ಉರಿಸಿದರೆ ಒಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ, ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಮಸೀದಿಗೆ ಸುಣ್ಣ ಬಳಿಸಲು ಚಂದಾ ಎತ್ತುವ ನಮ್ಮ ಗಂಡಸರಿಗೆ ಏಣಿ ಹತ್ತಿ ಈ ಮಸಿ ಕೆರೆಯಲು ಮಾತ್ರ ಪುರಸೊತ್ತಿಲ್ಲ! ಕೊಳವೆ ಕಟ್ಟಿಕೊಂಡರೆ ಮನೆಯಲ್ಲಿ ಉಳಿಯುವುದು ಹೊಗೆಯೊಂದೇ ಅಲ್ಲ, ಬಣ್ಣ ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ. ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಬಚ್ಚಲೊಲೆ ಇನ್ನೂ ಸೌದೆಯದೇ.