ಮೆಲ್ಲಗೆ ಎಂಬ ಮಾತು

ನಂಜನಗೂಡು ಎಂದು ಬರೆಯುತ್ತೇವೆ. ಆಡುವಾಗ ಅದು ‘ನಂಜನ್ಗೂಡು’ ಆಗುತ್ತದೆ. ಬರೆಹದ ಐದು ಅಕ್ಷರಗಳು ಉಚ್ಚಾರಣೆಯಲ್ಲಿ ನಾಲ್ಕಾದುವು. ಊರಿನ ಹೆಸರಿಗೆ ಬಂದ ಈ ಗತಿಯೇ ನಮ್ಮ ಕ್ರಿಯಾವಿಶೇಷಣಗಳಿಗೂ ಬಂದಿದೆ. ಅಲ್ಲಿಂದ ಕಪಿಲೆಯ ಜಾಡು ಹಿಡಿದು, ಅವಳು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದವರೆಗೆ ಸಂತೆಯಲ್ಲಿಯೂ ಗದ್ದೆಯ ಬದುವಿನಲ್ಲಿಯೂ ಕಿವಿಗೊಟ್ಟು ಕೇಳಿದ್ದೇನೆ. ‘ಸುಮ್ಮನೆ’ ಎಂಬುದು ‘ಸುಮ್ನೆ’, ‘ತಣ್ಣಗೆ’ ಎಂಬುದು ‘ತಣ್ಗೆ’, ‘ಮೆಲ್ಲಗೆ’ ಎಂಬುದು ‘ಮೆಲ್ಗೆ’. ಮೂರು ಎರಡಾಗುವುದೇ ಇಲ್ಲಿಯ ಕ್ರಮ.

ನಾನು ಓದುತ್ತಿದ್ದ ಕಾಲದಲ್ಲಿ ಒಬ್ಬ ಸಹಪಾಠಿಯು ಪಾಠ ಓದುವಾಗ ‘ಸುಮ್ನೆ’ ಎಂದನು. ಉಪಾಧ್ಯಾಯರು ಅದನ್ನು ಗ್ರಾಮ್ಯವೆಂದು ಜರೆದರು, ತರಗತಿಯೆಲ್ಲ ನಕ್ಕಿತು. ಆ ಹುಡುಗನು ಅಂದಿನಿಂದ ಗಟ್ಟಿಯಾಗಿ ಓದುವುದನ್ನೇ ಬಿಟ್ಟನು. ಅವನ ನಾಲಗೆ ಮಾಡಿದ ಅಪರಾಧವಾದರೂ ಏನು?

ಫ್ರೆಂಚರ ನುಡಿಯನ್ನು ನೋಡೋಣ. ಅವರಲ್ಲಿ ಮೆಲ್ಲಗೆ ಎಂಬರ್ಥದ ‘ದೂಸ್‌ಮಾಂ’ ಎಂಬ ಪದವುಂಟು. ತುದಿಯಲ್ಲಿ ತುಟಿ ಮುಚ್ಚದೆ, ಸ್ವರವನ್ನೇ ಮೂಗಿನಿಂದ ನುಡಿಯತಕ್ಕದ್ದು. ಬರೆಹದಲ್ಲಿ ಅದಕ್ಕೆ ಮೂರು ಭಾಗ. ಮಾತಿನಲ್ಲಿ ನಡುವಣ ಸ್ವರವು ಅಡಗಿ ಎರಡೇ ಉಳಿಯುವುದು. ಆದರೆ ಹಳೆಯ ಕಟ್ಟಿನ ಪದ್ಯದಲ್ಲಿ ಅಡಗಿದ ಸ್ವರವನ್ನೂ ಎಣಿಕೆಗೆ ಹಿಡಿಯುವರು. ಹಾಗೆಂದು ಮನೆಯಲ್ಲಿ ಎರಡಾಗಿ ಆಡಿದವನನ್ನು ಯಾರೂ ಹಳಿಯರು.

ನಮ್ಮಲ್ಲಿಯೂ ಹಾಗೆಯೇ. ‘ಮೆಲ್ಲಗೆ’ ಎಂಬುದನ್ನು ಲಿಪಿಯು ಮೆ-ಲ್ಲ-ಗೆ ಎಂದು ಬಿಡಿಸುತ್ತದೆ; ನಾಲಗೆಯು ಮೆಲ್-ಲ-ಗೆ ಎಂದು ಬಿಡಿಸುತ್ತದೆ. ಛಂದಸ್ಸು ನಾಲಗೆಯ ಪಕ್ಷ. ಆದುದರಿಂದಲೇ ಒತ್ತಕ್ಷರದ ಹಿಂದಿನ ‘ಮೆ’ ಗುರುವಾಯಿತು. ಗುರುವಿಗೆ 2, ಲಘುಗಳೆರಡಕ್ಕೆ 2, ಒಟ್ಟು 4 ಮಾತ್ರೆ. ‘ಮೆಲ್ಗೆ’ ಎಂದರೆ 3 ಮಾತ್ರೆ ಮಾತ್ರ. ಭಾಮಿನಿ ಷಟ್ಪದಿಯು 3 ಮತ್ತು 4 ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ನಡೆಯುಳ್ಳದ್ದು. ನಾಲ್ಕರ ಎಡೆಯಲ್ಲಿ ಗಮಕಿಯು ‘ಮೆಲ್ಗೆ’ ಎಂದರೆ ನಡೆ ಕುಂಟುವುದು. ಹೀಗೆ ಆಡುಮಾತು ಸವೆಸಿದ ಸ್ವರವನ್ನು ಕಾವ್ಯವು ಕಾಪಾಡಿಕೊಂಡು ಬಂದಿದೆ. ಎರಡಕ್ಕೂ ವೈರವಿಲ್ಲ, ಸ್ಥಾನಭೇದವಷ್ಟೇ ಇದೆ.

ಮಕ್ಕಳಿಗೆ ಈ ಭೇದವನ್ನು ತಿಳಿಸಿದರೆ ಸಾಕು. ತಾಯಿಯ ಮಾತಿಗಾಗಿ ನಾಚುವಂತೆ ಮಾಡಬೇಕಾಗಿಲ್ಲ. ಪದ್ಯದಲ್ಲಿ ಮೂರು, ಪಡಸಾಲೆಯಲ್ಲಿ ಎರಡು ಎಂದು ಅಂದು ಯಾರಾದರೂ ಹೇಳಿದ್ದರೆ ಆ ಹುಡುಗನು ಎರಡನ್ನೂ ಚೆನ್ನಾಗಿಯೇ ಓದುತ್ತಿದ್ದನು.