ಒಂದು ಹನಿಯ ಲೆಕ್ಕ

ಕಾಲೇಜನ್ನು ಹೊಸದಾಗಿ ಸೇರಿದ ವಿದ್ಯಾರ್ಥಿಯು ರಸಾಯನಶಾಲೆಯಲ್ಲಿ ಮಾಡುವ ಪ್ರಯೋಗಗಳು ಹಲವು. ಲವಣವನ್ನು ಜ್ವಾಲೆಗೆ ಹಿಡಿದು ತಾಮ್ರದ ಹಸುರನ್ನೂ ಸೋಡಿಯಮಿನ ಹಳದಿಯನ್ನೂ ನೋಡುವುದು ಕಣ್ಣಿಗೆ ಹಬ್ಬ. ಆದರೆ ಅವನ ಮನಸ್ಸನ್ನೇ ಪರೀಕ್ಷಿಸುವುದು ಆಮ್ಲಕ್ಷಾರಗಳ ಅನುಮಾಪನ. ಕುಪ್ಪಿಯಲ್ಲಿ ಅಳೆದು ಹಾಕಿದ ಆಮ್ಲ, ಅದಕ್ಕೆ ಎರಡು ತೊಟ್ಟು ಫಿನಾಲ್ಫ್ಥಲೀನ್. ಮೇಲೆ ಬ್ಯೂರೆಟ್ಟಿನಲ್ಲಿ ಕ್ಷಾರ. 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರನು ಸಿದ್ಧಪಡಿಸಿದ ಈ ಸೂಚಕವು ಆಮ್ಲದಲ್ಲಿ ವರ್ಣಹೀನ, ಕ್ಷಾರದಲ್ಲಿ ಗುಲಾಬಿ. ಇದೇನೂ ಇಂದ್ರಜಾಲವಲ್ಲ, ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ನೀರನ್ನು ಕೆಂಪಾಗಿಸುವ ಗೃಹಿಣಿಯು ಇಂಥದನ್ನು ಎಂದೋ ಬಲ್ಲಳು.

ಬ್ಯೂರೆಟ್ಟಿನ ಒಂದು ಗೆರೆಗೆ 0.1 ಮಿಲಿಲೀಟರು, ಒಂದು ಹನಿಯು ಸುಮಾರು ಅದರ ಅರ್ಧ. ಕೊನೆಯ ಆ ಒಂದು ಹನಿಯಲ್ಲಿ ಬಣ್ಣ ತಿರುಗುವುದು. ಆತುರಪಟ್ಟವನ ಕುಪ್ಪಿ ಗಾಢವಾಗಿ ಕೆಂಪೇರುವುದು. ಪ್ರಯೋಗವನ್ನು ಮರಳಿ ಮಾಡಿದಾಗ ಅಂಕಿಗಳು ಹೊಂದಬೇಕೆಂಬುದು ನಿಯಮ. ಹೊಂದದಿದ್ದರೆ ಲೇಖನಿಯಿಂದಲೇ ಹೊಂದಿಸುವ ಚತುರರೂ ಉಂಟು. ಅಂಥವರ ಪುಸ್ತಕದಲ್ಲಿ ಮೂರು ಸಾಲೂ ಅಚ್ಚು ಹಾಕಿದಂತೆ ಒಂದೇ!

ಪ್ರಾಮಾಣಿಕನಿಗೂ ಒಂದು ಸಂಕಟವುಂಟು. ಅವನು ಸರಿಯಾದ ಹನಿಯಲ್ಲಿಯೇ ನಿಲ್ಲಿಸಿ ಉಪಾಧ್ಯಾಯರ ದಾರಿ ನೋಡುತ್ತಿರುವಾಗ, ಗಾಳಿಯ ಇಂಗಾಲಾಮ್ಲ ವಾಯುವು ದ್ರಾವಣದಲ್ಲಿ ಕರಗಿ ಆ ನಸುಗೆಂಪನ್ನು ಮೆಲ್ಲಮೆಲ್ಲನೆ ಅಳಿಸಿಬಿಡುವುದು. ತಾನೇ ತಪ್ಪಿದೆನೆಂದು ಬಗೆದು ಅವನು ಇನ್ನೊಂದು ಹನಿ ಬಿಡುವನು. ಬಣ್ಣವು ಅರ್ಧ ನಿಮಿಷ ನಿಂತರೆ ಸಾಕು, ಮೊದಲು ನಿಲ್ಲಿಸಿದ್ದೇ ಸರಿಯೆಂದು ಅವನಿಗೆ ಆ ಹೊತ್ತಿನಲ್ಲಿ ಯಾರಾದರೂ ಹೇಳಬೇಕು.